ಇಬ್ಬರು ಮಕ್ಕಳು, ಒಂದು ಕೆರೆ

ಪಾಣೆಮಂಗಳೂರಿನ ಹಳೆ ಸೇತುವೆಯಿಂದ ಬೇಸಿಗೆಯ ನೇತ್ರಾವತಿಯನ್ನು ನೋಡಿದರೆ ಎಷ್ಟು ಸಾಧು ಅನ್ನಿಸುತ್ತದೆ! ಆದರೂ ಮಕ್ಕಳಿಗೆ ಈಜು ಕಲಿಸಲು ಅಲ್ಲಿಗೆ ಇಳಿಯಬೇಡಿ. ಕೆಳಗೆ ತುಂಬೆ ಅಣೆಕಟ್ಟಿನ ಗೇಟು ಹಾಕಿದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಮರಳು ತೆಗೆದ ಗುಂಡಿಗಳಂತೂ ಮೇಲಿಂದ ಕಾಣುವುದೇ ಇಲ್ಲ. ಮೆಟ್ಟಿಲಿರುವ ತೋಟದ ಕೆರೆಯೋ ಈಜುಕೊಳವೋ ಸಾಕು.

ನಮ್ಮಲ್ಲಿ ಅಕ್ಕನಿಗೆ 9, ತಮ್ಮನಿಗೆ 6. ಎರಡು ಒಣ ತೆಂಗಿನಕಾಯಿಗಳ ಸಿಪ್ಪೆಯನ್ನು ಒಂದೆಳೆಯಷ್ಟೇ ಎಬ್ಬಿಸಿ, ಆ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಿ ಎದೆಯಡಿಗೆ ಕೊಟ್ಟೆವು. ತಮ್ಮ ಮೂರನೇ ದಿನವೇ ಕಾಯಿ ಬಿಟ್ಟು ಕೈಬಡಿದ. ಅಕ್ಕ ಎರಡು ವಾರ ಮೆಟ್ಟಿಲು ಬಿಡಲಿಲ್ಲ. ನೀರಲ್ಲಿ ಮುಖವಿಟ್ಟು ಗುಳುಗುಳು ಗುಳ್ಳೆ ಬಿಡುವುದಷ್ಟೇ. "ತಮ್ಮನನ್ನು ನೋಡಿ ಕಲಿ ಮಾರಾಯ್ತಿ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ದಯವಿಟ್ಟು ನೀವೂ ನುಂಗಿಕೊಳ್ಳಿ. ಹೆದರಿದ ಮಗು ಮೈ ಬಿಗಿಹಿಡಿಯುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಕಾಲು ಕೆಳಗಿಳಿಯುತ್ತದೆ. ಎದೆತುಂಬ ಗಾಳಿ ಎಳೆದುಕೊಂಡು ಮೈ ಸಡಿಲ ಬಿಟ್ಟಾಗಲೇ ತೇಲುವುದು. ಗುಳ್ಳೆ ಬಿಡುತ್ತಲೇ ಅವಳು ಉಸಿರಾಟ ಕಲಿಯುತ್ತಿದ್ದಳು.

ಬೇಗ ಕಲಿತವನ ಮೇಲೇ ಕಣ್ಣು ಹೆಚ್ಚಿರಲಿ. ಅವನಿಗೆ ಧೈರ್ಯ ಬಂದಷ್ಟು ದಮ್ಮು ಬಂದಿರುವುದಿಲ್ಲ. ಮುಳುಗುವ ಮಗುವಿಗೆ ಕೂಗಲು ಹೆಚ್ಚಾಗಿ ಉಸಿರೇ ಸಿಗುವುದಿಲ್ಲ. ಕೈಗೆಟಕುವಷ್ಟು ಹತ್ತಿರ ನೀವಿರಿ, ಮೊಬೈಲು ಮನೆಯಲ್ಲಿರಲಿ. ತಮ್ಮನನ್ನು ಕಾಯುವ ಹೊಣೆಯನ್ನು ಅಕ್ಕನಿಗೆ ಹೊರಿಸಲೇಬೇಡಿ. ಗಾಬರಿಯಲ್ಲಿ ಒಬ್ಬರು ಇನ್ನೊಬ್ಬರನ್ನು ಎಳೆದುಕೊಳ್ಳುತ್ತಾರೆ.

ಹದಿನೈದನೇ ದಿನ ಅವಳಾಗಿಯೇ ನನ್ನ ಅಂಗೈ ಮೇಲೆ ಅಂಗಾತ ಒರಗಿದಳು. ಮೆಲ್ಲಗೆ ಕೈ ಸರಿಸಿದೆ. ಅವಳಿಗೆ ಗೊತ್ತಾಗಲಿಲ್ಲ, ಅಡಿಕೆ ಮರಗಳ ತುದಿ ನೋಡುತ್ತಾ ತೇಲುತ್ತಿದ್ದಳು.