ಬೆಳಕಿನ ಮರೆಯ ಸಂಗಾತಿ: ಶ್ವೇತಕುಬ್ಜ ಜೋಡಿಗಳ ಗಣತಿ

ಫೆಬ್ರವರಿ ನಡುವಿನಲ್ಲಿ, ರಾತ್ರಿ ಒಂಬತ್ತೂವರೆಯ ಸುಮಾರಿಗೆ, ನಿಡೋಣಿ ಊರಿನ ಯಾವ ಹೊಲದ ಬದುವಿನ ಮೇಲಾದರೂ ನಿಂತು ದಕ್ಷಿಣಕ್ಕೆ ಮುಖ ಮಾಡಿ. ಮಹಾವ್ಯಾಧನ ನಡುಪಟ್ಟಿಯ ಮೂರು ಚಿಕ್ಕಿಗಳ ಗೆರೆಯನ್ನು ಎಡಕ್ಕೆ, ಕೆಳಕ್ಕೆ ಎಳೆದರೆ ಲುಬ್ಧಕ ಸಿಗುತ್ತದೆ. ಆಗ ಅದು ನೆಲದಿಂದ ಸುಮಾರು 56 ಡಿಗ್ರಿ ಎತ್ತರದಲ್ಲಿರುತ್ತದೆ. ರಾತ್ರಿಯ ನಕ್ಷತ್ರಗಳಲ್ಲೆಲ್ಲ ಇದೇ ಅತಿ ಪ್ರಕಾಶದ್ದು. ಕಣ್ಣಿಗೆ ಒಂದೇ ಚಿಕ್ಕಿ. ಅಲ್ಲಿರುವುದು ಮಾತ್ರ ಎರಡು.

ಎರಡನೆಯದರ ಸುಳಿವು ಮೊದಲು ಸಿಕ್ಕಿದ್ದು ಲೆಕ್ಕದಿಂದ. ಲುಬ್ಧಕ ನೇರವಾಗಿ ಸಾಗದೆ ಓಲಾಡುತ್ತ ಹೋಗುವುದನ್ನು ಜರ್ಮನಿಯ ಬೆಸೆಲ್ ಗಮನಿಸಿದ. ಕಾಣದ ಸಂಗಾತಿಯೊಂದು ಅದನ್ನು ಎಳೆಯುತ್ತಿದೆ ಎಂದು 1844ರಲ್ಲಿ ತಿಳಿಸಿದ. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ಮಸೂರವನ್ನು ಪರೀಕ್ಷಿಸುವಾಗ ಆ ಸಂಗಾತಿ ಕಣ್ಣಿಗೇ ಬಿತ್ತು. ಎರಡೂ ಒಂದನ್ನೊಂದು ಸುತ್ತಲು ಸುಮಾರು 50 ವರ್ಷ ಬೇಕು.

ಈ ಸಂಗಾತಿ ಒಂದು ಶ್ವೇತಕುಬ್ಜ. ಸೂರ್ಯನಂಥ ನಕ್ಷತ್ರ ಇಂಧನ ಮುಗಿಯುತ್ತ ಬಂದಾಗ ಉಬ್ಬಿ ಕೆಂಪು ದೈತ್ಯವಾಗುತ್ತದೆ, ಹೊರಪದರಗಳನ್ನು ಕಳಚಿಕೊಳ್ಳುತ್ತದೆ. ಉಳಿಯುವ ತಿರುಳೇ ಶ್ವೇತಕುಬ್ಜ. ಲುಬ್ಧಕದ ಸಂಗಾತಿ ಗಾತ್ರದಲ್ಲಿ ಹೆಚ್ಚುಕಡಿಮೆ ಭೂಮಿಯಷ್ಟು, ತೂಕದಲ್ಲಿ ಸೂರ್ಯನಷ್ಟು. ಹೊಸ ಶಾಖ ಹುಟ್ಟದ ಕಾರಣ ಅದು ನಿಧಾನಕ್ಕೆ ಆರುತ್ತ ಹೋಗುತ್ತದೆ. ಇಂಥ ವಸ್ತುವಿನ ತೂಕಕ್ಕೆ ಮಿತಿಯುಂಟು, ಸೂರ್ಯನ ಸುಮಾರು 1.4 ಪಟ್ಟು, ಆ ಮಿತಿಗೆ ಖಭೌತ ವಿಜ್ಞಾನಿ ಚಂದ್ರಶೇಖರ್ ಅವರ ಹೆಸರೇ ಇದೆ.

ಹಾಗಾದರೆ ನಮ್ಮ ನೆರೆಯಲ್ಲಿ ಇಂಥ ಜೋಡಿ ಎಷ್ಟಿವೆ? ಎಣಿಸುವುದು ಸುಲಭವಲ್ಲ. ಲುಬ್ಧಕದ ಮುಂದೆ ಅದರ ಸಂಗಾತಿ ಸುಮಾರು ಹತ್ತು ಸಾವಿರ ಪಟ್ಟು ಮಂಕು. ಎದುರಿಗೆ ಬರುವ ಟ್ರ್ಯಾಕ್ಟರಿನ ಹೆಡ್‌ಲೈಟಿನ ಪಕ್ಕದಲ್ಲಿ ಬೀಡಿಯ ಕಿಡಿ ಹುಡುಕಿದಂತೆ. ಶ್ವೇತಕುಬ್ಜದ ಜೊತೆಗಿರುವುದು ಚಿಕ್ಕ ಕೆಂಪು ನಕ್ಷತ್ರವಾಗಿದ್ದರೆ ತೊಂದರೆ ಕಡಿಮೆ, ಅದರ ಮುಂದೆ ಶ್ವೇತಕುಬ್ಜ ಎದ್ದು ಕಾಣುತ್ತದೆ. ಸೂರ್ಯನಂಥದೋ ಅದಕ್ಕಿಂತ ದೊಡ್ಡದೋ ಆಗಿದ್ದರೆ ಮುಚ್ಚಿಹೋಗುತ್ತದೆ.

2013ರಲ್ಲಿ ಜೇ ಹಾಲ್ಬರ್ಗ್ ಮತ್ತು ಜೊತೆಗಾರರು ಲುಬ್ಧಕದಂಥ ಜೋಡಿಗಳ ಪಟ್ಟಿ ಮಾಡಿದರು. ಅಂದಿಗೆ ಗೊತ್ತಿದ್ದವು 98. ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷದೊಳಗೆ ಶ್ವೇತಕುಬ್ಜಗಳಲ್ಲಿ ಶೇ. 8ರಷ್ಟು ಇಂಥ ಜೋಡಿಯಲ್ಲಿವೆ. ಅದರಾಚೆ ಈ ಪ್ರಮಾಣ ಶೇ. 1–2ಕ್ಕೆ ಇಳಿಯುತ್ತದೆ. ದೂರ ಹೋದಂತೆ ಜೋಡಿಗಳು ಬೇರೆಯಾಗುತ್ತವೆ ಎಂದುಕೊಳ್ಳಬೇಡಿ. ನಾವಿರುವ ಜಾಗಕ್ಕೆ ಅಂಥ ವಿಶೇಷವೇನಿಲ್ಲ. ಕಡಿಮೆಯಾದದ್ದು ಜೋಡಿಗಳಲ್ಲ, ನಮ್ಮ ಕಣ್ಣಿಗೆ ಸಿಕ್ಕವು.

ಅದಕ್ಕಾಗಿಯೇ ಸಮೀಕ್ಷೆ ಮಾಡುವವರು ಬೇರೆ ಬೆಳಕಿನಲ್ಲಿ ನೋಡುತ್ತಾರೆ. ಎಳೆಯ ಶ್ವೇತಕುಬ್ಜ ತುಂಬಾ ಬಿಸಿ. ಲುಬ್ಧಕದ ಸಂಗಾತಿಯ ಮೇಲ್ಮೈ ಸುಮಾರು 25,000 ಡಿಗ್ರಿ. ಅಷ್ಟು ಬಿಸಿಯಾದದ್ದು ನೇರಳಾತೀತದಲ್ಲಿ ಹೆಚ್ಚು ಬೆಳಗುತ್ತದೆ, ಸೂರ್ಯನಂಥ ನಕ್ಷತ್ರ ಅಲ್ಲಿ ಮಂಕಾಗುತ್ತದೆ. ಸಾಧಾರಣ ನಕ್ಷತ್ರವೊಂದು ತನ್ನ ಬಿಸಿಗೆ ತಕ್ಕುದಕ್ಕಿಂತ ಹೆಚ್ಚು ನೇರಳಾತೀತ ಸೂಸಿದರೆ ಪಕ್ಕದಲ್ಲಿ ಯಾರೋ ಇರಬಹುದು. 2016ರಲ್ಲಿ ಒಂದು ಸಮೀಕ್ಷೆ ಹೀಗೆಯೇ 934 ನಕ್ಷತ್ರಗಳನ್ನು ಆರಿಸಿತು. ಇವು ಅನುಮಾನಿತರು ಮಾತ್ರ. ಚಟುವಟಿಕೆಯ ಎಳೆ ನಕ್ಷತ್ರವೂ ನೇರಳಾತೀತ ಚೆಲ್ಲುತ್ತದೆ. ಆದ್ದರಿಂದ ಒಂದೊಂದರದೂ ರೋಹಿತ ತೆಗೆದು ನೋಡಲೇಬೇಕು.

ನೇರಳಾತೀತದ ಬಹುಪಾಲನ್ನು ವಾಯುಮಂಡಲ ತಡೆಯುವುದರಿಂದ ದೂರದರ್ಶಕ ಬಾಹ್ಯಾಕಾಶದಲ್ಲಿರಬೇಕು. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಅಂಥ ಉಪಕರಣವಿದೆ: ಯುವಿಐಟಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಹೊಸಕೋಟೆಯಲ್ಲಿ ಅದನ್ನು ಜೋಡಿಸಲಾಯಿತು. ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಹೋದ್ಯೋಗಿಗಳು ಅದರಿಂದ ತಾರಾಗುಚ್ಛಗಳನ್ನು ಪರಿಶೀಲಿಸಿದರು. ಎಂ67 ಗುಚ್ಛದ ವಯಸ್ಸು ಸುಮಾರು 400 ಕೋಟಿ ವರ್ಷ, ಆದರೂ ಅದರಲ್ಲಿ ಕೆಲವು ನೀಲಿ ನಕ್ಷತ್ರಗಳು ವಯಸ್ಸೇ ಆಗದಂತೆ ಹೊಳೆಯುತ್ತವೆ. ಅವುಗಳಲ್ಲೊಂದರ ಪಕ್ಕದಲ್ಲಿ ಶ್ವೇತಕುಬ್ಜವಿದೆಯೆಂದು 2019ರಲ್ಲಿ ಗೊತ್ತಾಯಿತು. ಶ್ವೇತಕುಬ್ಜವಾಗುವ ಮೊದಲು ಆ ಸಂಗಾತಿ ಕಳೆದುಕೊಂಡ ದ್ರವ್ಯವನ್ನು ಹೀರಿಕೊಂಡೇ ಆ ನೀಲಿ ನಕ್ಷತ್ರ ಮತ್ತೆ ಎಳೆಯದಾಗಿ ಕಾಣುತ್ತಿದೆ.

ಈ ಉಪಾಯಕ್ಕೂ ಮಿತಿಯಿದೆ. 11.5 ಜ್ಯೋತಿರ್ವರ್ಷ ದೂರದ ನಕ್ಷತ್ರ ಪ್ರೋಸಿಯಾನ್‌ನ ಶ್ವೇತಕುಬ್ಜ 8,000 ಡಿಗ್ರಿಗಿಂತ ಕೆಳಗೆ ಆರಿದೆ. ಅಂಥದ್ದು ದೂರದಲ್ಲಿದ್ದರೆ ನೇರಳಾತೀತವೂ ಬಿಟ್ಟುಕೊಡದು. ಬೆಸೆಲ್ ಹಿಡಿದ ಓಲಾಟವೇ ಗತಿ. 2013ರಲ್ಲಿ ಹಾರಿದ ಗಾಯಾ ಉಪಗ್ರಹ ಲಕ್ಷಾಂತರ ನಕ್ಷತ್ರಗಳಲ್ಲಿ ಅಂಥ ಓಲಾಟವನ್ನು ಅಳೆಯುವಷ್ಟು ನಿಖರತೆ ತಂದಿತು. ಯಾವ ಸಮೀಕ್ಷೆಯ ಸಂಖ್ಯೆ ಓದಿದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಬೆಳಕಿನಲ್ಲಿ ನೋಡಿದರು, ಆ ಬೆಳಕಿಗೆ ಯಾವುದು ಸಿಗುವುದಿಲ್ಲ?

ಸ್ವತಃ ಒಂದನ್ನು ನೋಡಬೇಕೆನ್ನುವವರು ಲುಬ್ಧಕದಿಂದ ಶುರು ಮಾಡಬೇಡಿ. ಫೆಬ್ರವರಿಯಲ್ಲಿ ಕತ್ತಲಾದೊಡನೆ ಎರಿಡಾನಸ್ ತಾರಾಪುಂಜದ 40 ಎರಿಡಾನಿಯತ್ತ ಚಿಕ್ಕ ದೂರದರ್ಶಕ ತಿರುಗಿಸಿ. ಅದು 16 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಶ್ವೇತಕುಬ್ಜ ಮುಖ್ಯ ನಕ್ಷತ್ರದಿಂದ ಸಾಕಷ್ಟು ಸರಿದು ನಿಂತಿರುವುದರಿಂದ ಹೊಸಬರಿಗೂ ಬೇರೆಯಾಗಿ ಸಿಗುತ್ತದೆ.