ಶೇಂಗಾ ಒಗ್ಗದ ಮಗುವಿನೊಡನೆ ಜಾತ್ರೆಗೆ ಹೊರಡುವಾಗ

ಮನೆಯಲ್ಲಿ ತಾಯಿ ವರ್ಷವಿಡೀ ಕಾಯ್ದುಕೊಂಡು ಬಂದ ಪಥ್ಯವು ಕೆಡುವುದು ಸಾಮಾನ್ಯವಾಗಿ ಪ್ರಯಾಣದಲ್ಲಿಯೇ. ಉತ್ತರ ಕರ್ನಾಟಕದ ಊಟದಲ್ಲಿ ಶೇಂಗಾ ಇಲ್ಲದ ಪದಾರ್ಥವನ್ನು ಹುಡುಕಬೇಕಾಗುತ್ತದೆ. ಚಟ್ನಿಪುಡಿ, ಹೋಳಿಗೆ, ಉಂಡೆ, ಎಣಗಾಯಿ, ಒಗ್ಗರಣೆಯ ಚುರುಮುರಿ ಇವೆಲ್ಲ ನಮಗೆ ಪರಿಚಿತವಾದುವೇ. ಕಣ್ಣಿಗೆ ಕಾಣದಿರುವುದು ಎಣ್ಣೆ. ಚೆನ್ನಾಗಿ ಸಂಸ್ಕರಿಸಿದ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನ್ ಬಹುಮಟ್ಟಿಗೆ ಉಳಿದಿರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿದಿರಬಹುದು. ಇತರರಿಗೆ ಗಾಣದ ಎಣ್ಣೆಯನ್ನು ನಾವೇ ಹೊಗಳುತ್ತೇವಾದರೂ, ಈ ಮಗುವಿಗೆ ಅದು ವರ್ಜ್ಯ.

ದೇಹಕ್ಕೆ ಒಗ್ಗದ ಆಹಾರವನ್ನು ಆಯುರ್ವೇದವು ಅಸಾತ್ಮ್ಯವೆಂದು ಕರೆಯುತ್ತದೆ. ಅಭ್ಯಾಸಬಲದಿಂದ ಕೆಲವು ಆಹಾರಗಳು ಸಾತ್ಮ್ಯವಾಗುವುದೂ ಉಂಟು. ಈ ಮಾತನ್ನು ಹಿಡಿದು ಹಿರಿಯರು “ಒಂದು ತುತ್ತು ತಿಂದರೆ ಏನಾದೀತು?” ಎಂದು ಮಗುವಿನ ಬಾಯಿಗೆ ಇಡಲು ಹೋಗುತ್ತಾರೆ. ತೀವ್ರ ಅಲರ್ಜಿಯುಳ್ಳ ಮಗುವಿನಲ್ಲಿ ಆ ಒಂದು ತುತ್ತೇ ಕೆಲವು ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಇಂಥ ಪ್ರಯೋಗವನ್ನು ಮನೆಯಲ್ಲಿಯೂ ಮಾಡಕೂಡದು, ಜಾತ್ರೆಯಲ್ಲಿ ಹೇಳುವುದೇ ಬೇಡ.

ದಾಸೋಹದ ಪಂಕ್ತಿಯಲ್ಲಿ ಸಾವಿರಾರು ಜನರಿಗೆ ಬಡಿಸುವಾಗ ಚಟ್ನಿಯ ಸೌಟು ಪಲ್ಯಕ್ಕೂ ಹೋಗುತ್ತದೆ. ಬಡಿಸುವವರನ್ನು ಅದಕ್ಕಾಗಿ ದೂರಲಾಗದು. ಆದುದರಿಂದ ಮಗುವಿನ ಬುತ್ತಿ, ತಟ್ಟೆ, ಲೋಟಗಳನ್ನು ಮನೆಯಿಂದಲೇ ಒಯ್ಯತಕ್ಕದ್ದು. ಪ್ರಸಾದವನ್ನು ನಿರಾಕರಿಸಿದಂತಾಗುವುದೆಂದು ಅನೇಕ ತಾಯಂದಿರು ಅಳುಕುತ್ತಾರೆ. ಮಗುವಿಗೆ ಒಗ್ಗುವ ಬಾಳೆಹಣ್ಣನ್ನು ಭಕ್ತಿಯಿಂದ ಸ್ವೀಕರಿಸಿದರೆ ಅದೂ ಪ್ರಸಾದವೇ ಅಲ್ಲವೆ?

ಇಷ್ಟು ಎಚ್ಚರವಹಿಸಿದರೂ ಕೆಲವೊಮ್ಮೆ ತಿಳಿಯದೆ ಹೊಟ್ಟೆಗೆ ಹೋಗುವುದುಂಟು. ಮೈಮೇಲೆ ದದ್ದು, ತುಟಿ ನಾಲಗೆಗಳ ಬಾವು, ಧ್ವನಿ ಕಟ್ಟುವಿಕೆ, ಉಬ್ಬಸ, ಮೇಲಿಂದ ಮೇಲೆ ವಾಂತಿ, ಮಂಕು ಇವು ಲಕ್ಷಣಗಳು. ದದ್ದು ಏಳದೆಯೂ ಉಸಿರು ಕಟ್ಟಬಹುದು. ಆಗ ಬೇಕಾದುದು ಅಡ್ರಿನಲಿನ್ ಚುಚ್ಚುಮದ್ದು. ನಮ್ಮ ಶಾಸ್ತ್ರದ ಯಾವ ಕಷಾಯವಾಗಲಿ ಭಸ್ಮವಾಗಲಿ ಇದಕ್ಕೆ ಬದಲಿಯಲ್ಲವೆಂದು ಆಯುರ್ವೇದದ ವೈದ್ಯರಾದ ನಾವೇ ಹೇಳುತ್ತಿದ್ದೇವೆ. ಅಲರ್ಜಿಯ ಸೆಟಿರಿಜಿನ್ ಮಾತ್ರೆಯೂ ತುರಿಕೆಯನ್ನಷ್ಟೇ ತಗ್ಗಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸದು.

ಪ್ರಯಾಣಕ್ಕೆ ಮುನ್ನ ಮಕ್ಕಳ ತಜ್ಞರಿಂದ ಈ ಔಷಧವನ್ನೂ ಸಿರಿಂಜನ್ನೂ ಬರೆಸಿಕೊಂಡು, ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಕೊಡುವ ಕ್ರಮವನ್ನು ತಂದೆ ತಾಯಿ ಇಬ್ಬರೂ ಕೈಯಾರೆ ಕಲಿಯಬೇಕು. ಪ್ರಮಾಣವು ತೂಕವನ್ನು ಅವಲಂಬಿಸಿದೆ. 20 ಕಿಲೋ ತೂಕದ ಮಗುವಿಗೆ ಸಾಮಾನ್ಯವಾಗಿ 0.2 ಮಿಲಿಗ್ರಾಂ. ತಮ್ಮ ಮಗುವಿನ ಪ್ರಮಾಣವನ್ನು ವೈದ್ಯರಿಂದಲೇ ಬರೆಸಿಕೊಳ್ಳತಕ್ಕದ್ದು, ಮಗು ಬೆಳೆದಂತೆ ತಿದ್ದಿಸತಕ್ಕದ್ದು.

ಚುಚ್ಚುಮದ್ದು ಕೊಟ್ಟೊಡನೆ 108ಕ್ಕೆ ಕರೆಮಾಡಿ ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿರಿ. ಉಬ್ಬಸವಿದ್ದರೆ ಕೂಡಿಸಬಹುದು, ನಡೆಸಕೂಡದು. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಪ್ರಮಾಣ ಬೇಕಾಗುತ್ತದೆ. ಅದಕ್ಕಾಗಿ ಎರಡು ಆಂಪ್ಯೂಲ್ ಜೊತೆಯಲ್ಲಿರಲಿ. ಚೇತರಿಸಿಕೊಂಡ ಮಗುವನ್ನೂ ಆಸ್ಪತ್ರೆಗೆ ಒಯ್ಯಲೇಬೇಕು, ಏಕೆಂದರೆ ಕೆಲವು ಗಂಟೆಗಳ ತರುವಾಯ ಲಕ್ಷಣಗಳು ಮರುಕಳಿಸುವುದುಂಟು.

ಅಡ್ರಿನಲಿನ್ ಬಿಸಿಲಿಗೂ ಬೆಳಕಿಗೂ ಕೆಡುವ ಔಷಧ. ಔಷಧದ ಚೀಲವನ್ನು ಬಸ್ಸಿನ ಡಿಕ್ಕಿಯಲ್ಲಾಗಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಾಗಲಿ ಇಡದೆ, ಮಗುವಿನ ಪಕ್ಕದಲ್ಲಿ ಕುಳಿತವರ ಹೆಗಲಿಗೇ ಹಾಕಿರಿ.