ಕಬಡ್ಡಿ ಬೇಡ ಅಂದ ಮಗಳು

ನಮ್ಮ ಸಂಜೆ ತರಗತಿಗೆ ಒಬ್ಬ ತಾಯಿ ಬರುತ್ತಿದ್ದರು. ಹಗಲು ಕೂಲಿ ಕೆಲಸ. ರಾತ್ರಿ ಏಳು ಗಂಟೆಗೆ ಸ್ಲೇಟು, ಬಳಪ. ಅವರ ಮಗಳಿಗೆ ಹದಿಮೂರು ವರ್ಷ. ಊರಿನ ಯುವಕ ಸಂಘದ ಕಬಡ್ಡಿ ತಂಡದಲ್ಲಿ ಆಡುತ್ತಿದ್ದಳು. ಬಹುಮಾನವಾಗಿ ಬಂದ ಸ್ಟೀಲ್ ಲೋಟವನ್ನು ತಾಯಿ ದೇವರ ಗೂಡಿನಲ್ಲೇ ಇಟ್ಟಿದ್ದರು.

ಒಂದು ಸಂಜೆ ಆ ತಾಯಿ ಬಳಪ ಹಿಡಿದು ಸುಮ್ಮನೆ ಕೂತಿದ್ದರು.

"ಯಾಕಕ್ಕಾ, ಬರೆಯಲ್ವಾ?" ಎಂದು ಕೇಳಿದೆವು.

"ಮಗಳು ಆಟಕ್ಕೆ ಹೋಗಲ್ಲ ಅಂತಾಳೆ ಟೀಚರಮ್ಮ. ಹದಿನೈದು ದಿನ ಆಯ್ತು. ಕೇಳಿದ್ರೆ ಕಾಲು ನೋವು ಅಂತಾಳೆ. ನೀರು ತರೋಕೆ ಮಾತ್ರ ಓಡ್ತಾಳೆ. ಕೋಚ್ ಬೈಕ್ ಸದ್ದು ಕೇಳಿದ್ರೆ ಒಳಗೆ ಸೇರ್ಕೋತಾಳೆ."

"ಮೈ ನೆರೆಯೋ ವಯಸ್ಸು, ನಾಚಿಕೆ ಇರ್ಬೇಕು ಬಿಡು" ಎಂದರು ಪಕ್ಕದಲ್ಲಿದ್ದ ಅಜ್ಜಿ. ನಾವೂ ಹಾಗೇ ಅಂದುಕೊಂಡೆವು. ಆದರೆ ಬೈಕ್ ಸದ್ದಿನ ಮಾತು ತಲೆಯಿಂದ ಹೋಗಲಿಲ್ಲ. ತರಗತಿ ಮುಗಿದ ಮೇಲೆ ತಾಯಿಯನ್ನು ಪಕ್ಕಕ್ಕೆ ಕರೆದೆವು. "ಬೈಯಬೇಡಿ. ಎಲ್ಲರ ಮುಂದೆ ಕೇಳಬೇಡಿ. ಹತ್ತಿರ ಕೂತ್ಕೊಳ್ಳಿ, ಅವಳೇ ಹೇಳಲಿ" ಎಂದೆವು.

ಎರಡು ದಿನ ಮಗಳು ಬಾಯಿ ಬಿಡಲಿಲ್ಲ. ಮೂರನೆಯ ರಾತ್ರಿ ಒಲೆ ಮುಂದೆ ಕೂತಾಗ ಹೇಳಿದಳು. ಪಂದ್ಯ ಮುಗಿಸಿ ಬರುವಾಗ ಕೋಚ್ ಅವಳೊಬ್ಬಳನ್ನೇ ಬೈಕಿನಲ್ಲಿ ಕರೆತಂದನಂತೆ. ದಾರಿಯಲ್ಲಿ ನಿಲ್ಲಿಸಿ ಮುಟ್ಟಬಾರದ ಕಡೆ ಮುಟ್ಟಿದನಂತೆ. "ಹೇಳಿದ್ರೆ ತಂಡದಿಂದ ತೆಗೀತೀನಿ" ಎಂದನಂತೆ.

ತಾಯಿ ಅಳಲಿಲ್ಲ, ಕೂಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಮಗಾ. ನಿಂದೇನೂ ತಪ್ಪಿಲ್ಲ" ಎಂದರು. "ಯಾರಿಗೂ ಹೇಳ್ಬೇಡಮ್ಮ" ಎಂದು ಮಗಳು ಬೇಡಿಕೊಂಡಳು. ಇಲ್ಲಿ ನಾವೆಲ್ಲ ಸೋಲುತ್ತೇವೆ. "ಇಲ್ಲ, ಆಣೆಗೂ ಹೇಳಲ್ಲ" ಎಂದುಬಿಡುತ್ತೇವೆ. ಆ ಮಾತು ಕೊಡಬಾರದು. ಉಳಿಸಿಕೊಳ್ಳಲು ಆಗುವುದಿಲ್ಲ. ಈ ತಾಯಿ ಹೇಳಿದ್ದು ಇಷ್ಟೇ: "ಊರಿಗೆಲ್ಲ ಹೇಳಲ್ಲ. ನಮಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ."

ತಂದೆಗೆ ಸಿಟ್ಟು ನೆತ್ತಿಗೇರಿತು. ದೊಣ್ಣೆ ತೆಗೆದುಕೊಂಡು ಹೊರಟರು. ಅವರನ್ನು ತಡೆಯುವುದೇ ದೊಡ್ಡ ಕೆಲಸವಾಯಿತು. ತಪ್ಪು ಮಾಡಿದವನಿಗೆ ಮೊದಲೇ ಸುಳಿವು ಸಿಕ್ಕರೆ ಅವನು ಮಗುವನ್ನು ಹೆದರಿಸುತ್ತಾನೆ. ತಂಡದ ಬೇರೆ ಮಕ್ಕಳ ಬಾಯನ್ನೂ ಮುಚ್ಚಿಸುತ್ತಾನೆ.

ಸಂಘದ ಹಿರಿಯರೊಬ್ಬರಿಗೆ ಹೇಳಿದೆವು. ಅವರು, "ಹುಡುಗೀ ಹೆಸರು ಕೆಡುತ್ತೆ. ನಾಲ್ಕು ಜನ ಕೂತು ಮುಗಿಸೋಣ" ಎಂದರು. ಆ ಮಾತಿಗೆ ನಾವೂ ಒಂದು ದಿನ ಸುಮ್ಮನಾದೆವು. ಅದು ನಮ್ಮ ತಪ್ಪು. ಇದು ಹೊಲದ ಬದುವಿನ ಜಗಳವಲ್ಲ, ಪಂಚಾಯ್ತಿ ಮಾಡಿ ಮುಗಿಸಲು.

ಇದಕ್ಕೆ ಕಾನೂನು ಇದೆ. ಅದರ ಹೆಸರು ಪೋಕ್ಸೊ ಕಾಯ್ದೆ. 2012ರಲ್ಲಿ ಬಂತು. 18 ವರ್ಷ ತುಂಬದ ಎಲ್ಲರೂ ಈ ಕಾಯ್ದೆಯಲ್ಲಿ ಮಕ್ಕಳೇ. ಹುಡುಗಿಯೂ ಸೈ, ಹುಡುಗನೂ ಸೈ. ಇಂಥ ವಿಷಯ ಗೊತ್ತಾದ ಮೇಲೆ ದೊಡ್ಡವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ತಪ್ಪು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇದನ್ನು ಓದಿ ಹೇಳಿದ ಮೇಲೆ ಆ ಹಿರಿಯರು ಮಾತಾಡಲಿಲ್ಲ.

"ಸಾಕ್ಷಿ ಇಲ್ವಲ್ಲ ಟೀಚರಮ್ಮ?" ಎಂದರು ತಾಯಿ. ಸಾಕ್ಷಿ ಹುಡುಕುವುದು ಪೊಲೀಸರ ಕೆಲಸ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ. ಮಗುವನ್ನು ಮತ್ತೆ ಮತ್ತೆ ಕೆದಕಿ ಕೇಳುವುದು ಬೇಡ. ಒಮ್ಮೆ ಹೇಳಿದ್ದನ್ನು ಬರೆದಿಟ್ಟರೆ ಸಾಕು.

ಆ ತಾಯಿ ಬರೆದರು. ಸ್ಲೇಟಿನ ಮೇಲಲ್ಲ, ನೋಟ್ ಪುಸ್ತಕದಲ್ಲಿ. ಮೊದಲು ತಾರೀಖು, ವಾರ. ಆಮೇಲೆ ಮಗಳ ಮಾತು, ಅವಳು ಹೇಳಿದ ಹಾಗೇ. ಹತ್ತು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು. ಒತ್ತಕ್ಷರ ತಪ್ಪಿದ್ದವು. ನಾವು ಒಂದನ್ನೂ ತಿದ್ದಲಿಲ್ಲ.

ಮರುದಿನ 1098ಕ್ಕೆ ಫೋನ್ ಮಾಡಿದೆವು. ಇದು ಮಕ್ಕಳ ಸಹಾಯವಾಣಿ. ದುಡ್ಡು ಬೀಳುವುದಿಲ್ಲ. ಹಗಲು ರಾತ್ರಿ ಇರುತ್ತದೆ. ಮಕ್ಕಳೇ ಮಾಡಬಹುದು. ಆ ಕ್ಷಣಕ್ಕೇ ಅಪಾಯವಿದ್ದರೆ 112ಕ್ಕೆ ಮಾಡಿ, ಪೊಲೀಸರು ಬರುತ್ತಾರೆ. ಮಗುವಿನ ವಯಸ್ಸು ಎಷ್ಟು, ಈಗ ಎಲ್ಲಿದೆ, ಅವನಿಂದ ದೂರ ಇದೆಯಾ ಎಂದು ಕೇಳಿದರು.

ಮಗಳನ್ನು ಸ್ಟೇಷನ್ನಿಗೆ ಕರೆಯಲಿಲ್ಲ. ಒಬ್ಬ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಮನೆಗೇ ಬಂದರು. ಖಾಕಿ ಹಾಕಿರಲಿಲ್ಲ, ಚೂಡಿದಾರ್ ಹಾಕಿದ್ದರು. ಮಗುವಿನ ಹೇಳಿಕೆ ಪಡೆಯಲು ಬರುವವರು ಪೊಲೀಸ್ ಬಟ್ಟೆಯಲ್ಲಿ ಇರಬಾರದು ಎಂದು ಕಾಯ್ದೆಯಲ್ಲೇ ಇದೆ. ತಾಯಿ ಕೊಟ್ಟ ದೂರನ್ನು ಬರೆದುಕೊಂಡು ಅವರಿಗೇ ಓದಿ ಹೇಳಿದರು. ಒಂದು ಕಡೆ ವಾರ ತಪ್ಪಿತ್ತು. "ಗುರುವಾರ ಅಲ್ಲ, ಶುಕ್ರವಾರ" ಎಂದು ತಾಯಿ ತಮ್ಮ ನೋಟ್ ಪುಸ್ತಕ ತೋರಿಸಿದರು. ತಿದ್ದಿದ ಮೇಲೇ ಸಹಿ ಹಾಕಿದರು. ಹೆಬ್ಬೆಟ್ಟು ಒತ್ತಲಿಲ್ಲ.

ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆದಿಲ್ಲ. ಮಗುವಿನ ಗುರುತು ಯಾರಿಗೂ ಸಿಗಬಾರದು. ನೀವೂ ಇಂಥ ಸುದ್ದಿ ಕೇಳಿದರೆ "ಯಾರ ಮಗಳು?" ಎಂದು ಕೇಳಬೇಡಿ.

ಎಲ್ಲ ದೂರೂ ಇಷ್ಟು ದೊಡ್ಡದಿರುವುದಿಲ್ಲ. ಕೋಚ್ ಜೋರಾಗಿ ಗದರಿದರೆ ಸಂಘದ ಸಭೆಯಲ್ಲೇ ಕೇಳಬಹುದು. ಆದರೆ ಬಾಸುಂಡೆ ಬರುವ ಹಾಗೆ ಹೊಡೆದರೆ, ತೂಕ ಇಳಿಸಲು ಊಟ ಬಿಡಿಸಿದರೆ, ಮುರಿದ ಬೆರಳಿನಲ್ಲೇ ಆಡಿಸಿದರೆ, ಅದಕ್ಕೂ 1098 ಇದೆ.

ನಮ್ಮ ಸಂಘದಲ್ಲಿ ಈಗ ಒಂದು ಮಗುವನ್ನು ಒಬ್ಬರೇ ಬೈಕಿನಲ್ಲಿ ಕರೆದೊಯ್ಯುವ ಹಾಗಿಲ್ಲ. ಹುಡುಗಿಯರ ತಂಡ ಹೊರಟರೆ ತಾಯಂದಿರು ಇಬ್ಬರು ಜೊತೆಗೆ ಹೋಗುತ್ತಾರೆ. ಕೂಲಿ ತಪ್ಪುತ್ತದೆ ಎಂದು ಮೊದಲು ಗೊಣಗಿದರು. ಈಗ ಸರದಿಯ ಪಟ್ಟಿಯನ್ನು ತಾವೇ ಬರೆದುಕೊಳ್ಳುತ್ತಾರೆ.

ಬರೆಯಿರಿ:
ಒಂದು, ಸೊನ್ನೆ, ಒಂಬತ್ತು, ಎಂಟು. 1098.
ಇದನ್ನು ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಯಿರಿ. ಕೆಳಗಿನ ಸಾಲನ್ನು ಮಗುವಿನ ಕೈಯಲ್ಲಿ ಬರೆಸಿರಿ.